ಕೈ ಕೆಸರಾಗಲು ನೀರು ಬೇಕು

ನಾಲೆಯ ನೀರು ತನ್ನ ಮಟ್ಟಕ್ಕಿಂತ ಎತ್ತರದ ಹೊಲಕ್ಕೆ ಹತ್ತುವುದಿಲ್ಲ. ಮಂಡ್ಯ ಸೀಮೆಯಲ್ಲಿ ಒಂದೆರಡು ತಲೆಮಾರಿನ ಬದುಕನ್ನು ಬಹುಪಾಲು ನಿರ್ಧರಿಸಿದ್ದು ಈ ಒಂದು ಸಂಗತಿ. ನಾಲೆಯ ಏರಿಯ ಮೇಲೆ ನಿಂತರೆ ಒಂದು ಮಗ್ಗುಲಿಗೆ ಭತ್ತ, ಕಬ್ಬು, ತೆಂಗು. ಇನ್ನೊಂದು ಮಗ್ಗುಲಿಗೆ ರಾಗಿ, ಹುರುಳಿ, ಹುಚ್ಚೆಳ್ಳು, ಕಳ್ಳಿ ಬೇಲಿ. ಎರಡರ ನಡುವಿನ ದೂರ ನಾಲೆಯ ಅಗಲದಷ್ಟೇ. ಎರಡೂ ಕಡೆ ಉಳುವವರು ಒಂದೇ ಊರಿನವರು, ಎಷ್ಟೋ ಕಡೆ ದಾಯಾದಿಗಳು. ಮನುಷ್ಯನ ಸ್ಥಿತಿಗತಿ ಅವನ ದುಡಿಮೆಯಿಂದ ಬಂದದ್ದೋ ಹಣೆಬರಹದಿಂದ ಬಂದದ್ದೋ ಎಂಬ ಮಾತನ್ನು ಅರಳಿಕಟ್ಟೆಯ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ಎಳೆದಾಡಬಹುದು. ಈ ಸೀಮೆಯಲ್ಲಿ ಮಾತ್ರ ಆ ಪ್ರಶ್ನೆ ನೆಲದ ಮೇಲೆಯೇ ಬಿದ್ದಿದೆ, ನಡೆದು ನೋಡಬಹುದು.

ನಾಲೆಯ ಈ ಗೆರೆ ತಾನಾಗಿ ಬಿದ್ದದ್ದಲ್ಲ. ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು ಎಂ. ವಿಶ್ವೇಶ್ವರಯ್ಯ. ನೀರಿನ ಹಂಚಿಕೆಯ ಮೇಲೆ ಮದರಾಸು ಸರ್ಕಾರದೊಡನೆ ವರ್ಷಗಟ್ಟಲೆ ತಕರಾರು ನಡೆದು, 1924ರ ಒಪ್ಪಂದದಲ್ಲಿ ಈ ಜಲಾಶಯದ ಕೆಳಗೆ 1,25,000 ಎಕರೆಗೆ ಹೊಸದಾಗಿ ನೀರು ಕೊಡಲು ಮೈಸೂರಿಗೆ ಅವಕಾಶ ಸಿಕ್ಕಿತು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಹುಳಿಕೆರೆಯ ದಿಣ್ಣೆಯನ್ನು ಸುರಂಗ ಕೊರೆದು ದಾಟಿಸಿ ನಾಲೆ ತರಲಾಯಿತು. ವೈಸರಾಯ್ ಇರ್ವಿನ್ ಹೆಸರಿಟ್ಟ ಆ ನಾಲೆಯೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು; ಊರವರ ಬಾಯಲ್ಲಿ ವಿ.ಸಿ. ನಾಲೆ. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆ. ರಾಗಿ ಸೀಮೆಯೊಂದು ಹತ್ತು ವರ್ಷದೊಳಗೆ ಕಬ್ಬಿನ ಸೀಮೆಯಾಯಿತು.

ನಾಲೆ ಎಲ್ಲಿ ಹಾಯಬೇಕೆಂದು ಹೇಳುವುದು ನೆಲದ ಏರುತಗ್ಗು. ನೀರು ಸಾವಕಾಶವಾಗಿ ಇಳಿಯುತ್ತ ಸಾಗಬೇಕಾದ್ದರಿಂದ ನಾಲೆ ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದಂತೆ ಬಳಸಿಕೊಂಡು ಹೋಗುತ್ತದೆ. ಅದರ ಕೆಳಗಿನದೆಲ್ಲ ಅಚ್ಚುಕಟ್ಟು, ಮೇಲಿನದೆಲ್ಲ ಬೆದ್ದಲು. ಅಚ್ಚುಕಟ್ಟು ಎಂಬ ಪದಕ್ಕೆ ಕನ್ನಡದಲ್ಲಿ ಓರಣ ಎಂಬ ಅರ್ಥವೂ ಇರುವುದು ಗಮನಿಸತಕ್ಕದ್ದು: ಗೆರೆಯ ಕೆಳಗಿನ ಮನೆಗಳು ಬರುಬರುತ್ತ ಆ ಅರ್ಥದಲ್ಲೂ ಅಚ್ಚುಕಟ್ಟಾದವು. ಹೆಂಚು ಬಂತು, ಪಡಸಾಲೆಗೆ ಗಾರೆ ಬಂತು. ಗೆರೆಯ ಮೇಲಿನ ಮನೆಗಳಿಗೆ ಹುಲ್ಲಿನ ಸೂರೇ ಬಹುಕಾಲ ಉಳಿಯಿತು.

ಮದ್ದೂರು ತಾಲ್ಲೂಕಿನ ಒಂದು ಮನೆಯಲ್ಲಿ ಇದು ಹೇಗೆ ನಡೆಯಿತೆಂಬುದು ಬಾಯಿಂದ ಬಾಯಿಗೆ ಉಳಿದು ಬಂದಿದೆ. ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ನಾಲೆಯ ಸುದ್ದಿ ಇನ್ನೂ ಊರಿಗೆ ಮುಟ್ಟಿರದ ಕಾಲದಲ್ಲಿ ಅವರ ಪಾಲು ಆಯಿತು. ಊರಿಗೆ ಹತ್ತಿರದ ದಿಣ್ಣೆಯ ಮೇಲಿದ್ದ ಕೆಂಪು ಭೂಮಿ ಅಣ್ಣನಿಗೆ ಹೋಯಿತು. ರಾಗಿಗೆ ಅದಕ್ಕಿಂತ ಒಳ್ಳೆಯ ನೆಲ ಸುತ್ತಿನಲ್ಲಿ ಇರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದರೆ ವರ್ಷದ ಸಾರು, ಒಗ್ಗರಣೆ ಎರಡೂ ಮನೆಯಲ್ಲೇ. ತಮ್ಮನಿಗೆ ಬಂದದ್ದು ಹಳ್ಳದ ಕಡೆಯ ತಗ್ಗು ನೆಲ. ಮಳೆ ಹೆಚ್ಚಾದರೆ ನೀರು ನಿಲ್ಲುತ್ತಿತ್ತು, ಕಡಿಮೆಯಾದರೆ ಬಿಳಿಯ ಚೌಳು ಮೇಲೆದ್ದು ಪೈರು ಸುಟ್ಟುಹೋಗುತ್ತಿತ್ತು. ಅಣ್ಣ ಹಿರಿಯ, ಮೇಲಾಗಿ ಮೈಮುರಿದು ದುಡಿಯುವ ಆಳು. ಒಳ್ಳೆಯ ನೆಲ ಅವನಿಗೇ ಸಲ್ಲಬೇಕೆಂಬುದರಲ್ಲಿ ಪಂಚರಿಗೂ ಅನುಮಾನ ಇರಲಿಲ್ಲ. ತಮ್ಮನಿಗೆ ಬಯಲಾಟದ ಹುಚ್ಚು. ಭೀಮನ ವೇಷಕ್ಕೆ ಸುತ್ತಲ ಊರುಗಳಿಂದ ಕರೆ ಬರುತ್ತಿತ್ತು, ಹೋದರೆ ಮೂರು ದಿನ ಮನೆ ಕಡೆ ತಲೆಹಾಕುತ್ತಿರಲಿಲ್ಲ.

ಕೆಲವು ವರ್ಷದ ಮೇಲೆ ಮೂರು ಕಾಲಿನ ಯಂತ್ರ, ಸರಪಣಿ, ಕೆಂಪು ಬಾವುಟ ಹಿಡಿದವರು ಬಂದು ಅಣ್ಣನ ಹೊಲದ ಕೆಳಗಿನ ಅಂಚಿನಲ್ಲಿ ಗೂಟ ಹೊಡೆದುಕೊಂಡು ಹೋದರು. ನಾಲೆಯನ್ನು ಒಂದಿಷ್ಟು ಮೇಲಕ್ಕೆ ತರಬಹುದೇ ಎಂದು ಅಣ್ಣ ಕೇಳಿಕೊಂಡನಂತೆ. ಅವನ ಹೊಲ ಬೇಕಾದ ಮಟ್ಟಕ್ಕಿಂತ ಎತ್ತರವಿದ್ದದ್ದು ಎರಡು ಮೂರು ಅಡಿ ಮಾತ್ರ. ಸರ್ವೆಯವನು ಯಂತ್ರದಿಂದ ಕಣ್ಣು ತೆಗೆಯದೆ, ‘ಮಟ್ಟ ಬರಾಕಿಲ್ಲ ಗೌಡ್ರೇ’ ಅಂದನಂತೆ. ಆ ಮಾತು ಮನೆಯ ನುಡಿಗಟ್ಟಾಗಿ ನಿಂತುಬಿಟ್ಟಿತು. ಕೈಗೆಟುಕದ ಸಂಬಂಧಕ್ಕೆ, ದಕ್ಕದ ಕೆಲಸಕ್ಕೆ, ಹಟ ಹಿಡಿದ ಮಗು ಕೇಳುವ ಆಟದ ಸಾಮಾನಿಗೆ, ಎಲ್ಲದಕ್ಕೂ ಒಂದೇ ಉತ್ತರ: ‘ಅದು ಮಟ್ಟ ಬರಾಕಿಲ್ಲ, ಬುಡು.’

ನೀರು ಬಂದ ಮೊದಲ ವರ್ಷಗಳು ತಮ್ಮನಿಗೂ ಸುಖದವಾಗಿರಲಿಲ್ಲ. ಚೌಳು ನೆಲವನ್ನು ಗದ್ದೆ ಮಾಡುವುದೆಂದರೆ ದಿಣ್ಣೆ ಕಡಿದು ತಗ್ಗು ತುಂಬಿ, ಬದು ಹಾಕಿ, ಹೊಂಗೆ ಸೊಪ್ಪು ತುಳಿದು, ಉಪ್ಪು ತೊಳೆದು ಹೋಗುವ ತನಕ ನೀರು ಕಟ್ಟಿ ಬಿಡುವುದು. ನೀರು ನಿಂತ ಕಡೆಯೆಲ್ಲ ಸೊಳ್ಳೆ, ಮನೆಮನೆಯಲ್ಲಿ ಚಳಿಜ್ವರ. ಭೀಮನ ಗದೆ ಅಟ್ಟ ಸೇರಿತು. ನಾಲ್ಕನೆಯ ವರ್ಷ ಭತ್ತ ಕೈಗೆ ಬಂತು, ಆಮೇಲೆ ಕಬ್ಬು. ಕಾರ್ಖಾನೆಗೆ ಕಬ್ಬು ಒಪ್ಪಿಕೊಂಡವರಿಗೆ ಗೊಬ್ಬರ, ಮುಂಗಡ ಸಿಗುತ್ತಿತ್ತು, ಕಟಿಂಗ್ ಆರ್ಡರ್ ಬಂದ ದಿನ ಮನೆಯಲ್ಲಿ ಹಬ್ಬ. ಉಳಿದ ಕಬ್ಬು ಆಲೆಮನೆಗೆ. ಹತ್ತು ವರ್ಷದಲ್ಲಿ ಊರು ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಯಜಮಾನರು ಎನ್ನತೊಡಗಿತು.

ಅದೇ ವರ್ಷಗಳಲ್ಲಿ ಅಣ್ಣ ಏನು ಮಾಡುತ್ತಿದ್ದನೆಂಬುದನ್ನು ಕೇಳಬೇಕು. ಅವನು ಬಾವಿ ತೋಡುತ್ತಿದ್ದ. ನಾಲೆಯ ನೀರು ಹತ್ತದಿದ್ದರೆ ನೆಲದೊಳಗಿನ ನೀರನ್ನೇ ಎತ್ತುತ್ತೇನೆಂದು ಕಪಿಲೆ ಬಾವಿಗೆ ಕೈಹಾಕಿ, ಬೇಸಗೆ ಬೇಸಗೆಗೆ ಮಕ್ಕಳೊಂದಿಗೆ ಇಳಿದು ಅಗೆದ. ಮೂರನೆಯ ಬೇಸಗೆಯಲ್ಲಿ ಬಂಡೆ ಸಿಕ್ಕಿತು. ಸಿಡಿಮದ್ದಿಗೆ ಸಾಲ ಮಾಡಿದ. ಸಿಕ್ಕ ನೀರು ಅರ್ಧ ಎಕರೆ ಮೆಣಸಿನಕಾಯಿಗೂ ಸಾಲದಾಯಿತು. ಸುರಿದ ಬೆವರನ್ನು ಅಳೆಯುವ ಕೊಳಗ ಇದ್ದಿದ್ದರೆ ಇಬ್ಬರ ಲೆಕ್ಕ ಸರಿಸುಮಾರಾಗಿ ಬರುತ್ತಿತ್ತು. ಅಣ್ಣನದೇ ಒಂದು ಬೊಗಸೆ ಹೆಚ್ಚಾದರೂ ಆಶ್ಚರ್ಯವಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹುಟ್ಟಿದ್ದು ಗದ್ದೆಯ ಊರಿನಲ್ಲೇ ಇರಬೇಕು. ಬೆದ್ದಲಿನಲ್ಲಿ ಕೈಗೆ ಹತ್ತುವುದು ಧೂಳು. ಕೆಸರಾಗಬೇಕಾದರೆ ಮೊದಲು ನೀರು ಬಂದಿರಬೇಕು, ಆ ನೀರಿನ ಮಾತನ್ನು ಗಾದೆ ಎತ್ತುವುದಿಲ್ಲ. ದುಡಿಮೆ ಸುಳ್ಳೆಂದು ಇದರ ಅರ್ಥವಲ್ಲ. ತಮ್ಮ ಚೌಳು ತೊಳೆಯದಿದ್ದರೆ ನಾಲೆ ಅವನ ಹೊಲದ ಪಕ್ಕದಲ್ಲಿ ಸುಮ್ಮನೆ ಹರಿದುಹೋಗುತ್ತಿತ್ತು. ಹಾಗೆ ಹರಿಯಲು ಬಿಟ್ಟು ಗದ್ದೆ ಮಾರಿಕೊಂಡವರೂ ಆ ಊರಿನಲ್ಲಿದ್ದರು. ಆದರೆ ಒಂದು ದಿನದ ದುಡಿಮೆಗೆ ಎಷ್ಟು ಪಲ್ಲ ಭತ್ತ ಎಂಬ ದರ ನಿಗದಿಯಾದದ್ದು ದುಡಿಯುವವನ ಕೈಯಲ್ಲಿರಲಿಲ್ಲ. ಅದು ಗೂಟ ಹೊಡೆದ ದಿನವೇ ಆಗಿಹೋಗಿತ್ತು.

ಈ ಮನೆಯಲ್ಲಿ ನಡೆದದ್ದು ಎರಡು ಊರುಗಳ ನಡುವೆಯೂ ನಡೆದಿತ್ತು, ಅದರ ದಾಖಲೆಯೂ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. 1962ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂಬ ಕಟ್ಟಿದ ಹೆಸರುಗಳಿವೆ. ಎರಡೂ ಒಕ್ಕಲಿಗರ ಊರು, ಹಿಂದಿನ ಬೇಸಾಯ ಎರಡರಲ್ಲೂ ಒಂದೇ ಬಗೆ. ವಂಗಲಕ್ಕೆ ನಾಲೆಯ ನೀರು ಬಂತು. ದಲೇನ ಎತ್ತರದಲ್ಲಿತ್ತು, ಸುತ್ತಲ ಊರುಗಳು ಹಸಿರಾದರೂ ಅದು ಒಣಗಿಯೇ ಉಳಿಯಿತು.

ಇಷ್ಟೇ ಆಗಿದ್ದರೆ ಅದು ಬರೀ ಅದೃಷ್ಟ ದುರದೃಷ್ಟಗಳ ಕಥೆ. ಎಪ್‌ಸ್ಟೈನ್ ಕಂಡದ್ದು ಬೇರೆ. ನೀರು ಬಂದ ವಂಗಲ ಒಕ್ಕಲುತನದಲ್ಲೇ ಹಣ ಕಂಡು, ತನ್ನ ಹಳೆಯ ಕಟ್ಟುಪಾಡುಗಳನ್ನು ಹಾಗೆಯೇ ಉಳಿಸಿಕೊಂಡಿತು. ಗೌಡನ ಗೌಡಿಕೆ, ಕುಲದ ನ್ಯಾಯ, ಒಕ್ಕಲ ಮನೆಗೂ ದುಡಿಯುವ ಮನೆಗೂ ಇದ್ದ ತಲೆತಲಾಂತರದ ಸಂಬಂಧ, ಯಾವುದೂ ಬೇಗ ಅಲುಗಲಿಲ್ಲ. ಅಲುಗಿದ್ದು ದಲೇನ. ಅಲ್ಲಿಯವರು ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು, ಗಾಡಿ ಹೊಡೆದರು, ದನದ ವ್ಯಾಪಾರಕ್ಕಿಳಿದರು, ಮಂಡ್ಯದ ಕಾರ್ಖಾನೆಗೂ ಕಚೇರಿಗಳಿಗೂ ಕೆಲಸಕ್ಕೆ ಹೋದರು. ಹೊರಗಿನ ವ್ಯವಹಾರ ಬೆಳೆದಂತೆ ಊರೊಳಗಿನ ಹಳೆಯ ಮರ್ಯಾದೆಗಳು ಸಡಿಲಗೊಂಡವು. ನೀರು ಇಲ್ಲದ್ದು ಅವರನ್ನು ಬಾಗಿಲು ದಾಟಿಸಿತು.

ದಲೇನದ ಕಥೆಯನ್ನು ಪ್ರಯತ್ನದ ಗೆಲುವೆಂದು ಹೇಳಿ ಮುಗಿಸಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ದಲೇನ ಇದ್ದದ್ದು ಮಂಡ್ಯದ ಮಗ್ಗುಲಲ್ಲಿ. ಗಾಡಿ ಹೊಡೆಯಲು ಕಬ್ಬು ಬೇಕು, ಕಬ್ಬು ಬೆಳೆದದ್ದು ನಾಲೆಯ ನೀರಿನಲ್ಲಿ. ಕೆಲಸಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆ ಬಂದದ್ದು ಕಬ್ಬಿನಿಂದ. ಬೇರೆಯವರ ಊರಿಗೆ ಬಂದ ನೀರಿನ ಪಸೆ ಅವರ ಬುಡಕ್ಕೂ ತಾಕಿತ್ತು. ಇದೇ ಜಿಲ್ಲೆಯ ನಾಗಮಂಗಲದ ಒಳಭಾಗದಲ್ಲಿದ್ದ ಒಣ ಹಳ್ಳಿಯೊಂದಕ್ಕೆ ಅಷ್ಟೇ ಹಟ, ಅಷ್ಟೇ ಬುದ್ಧಿ ಇದ್ದರೂ ಗಾಡಿಗೆ ಹೇರಲು ಏನಿತ್ತು? ಅಲ್ಲಿಯವರಿಗೆ ಉಳಿದದ್ದು ಗಂಟುಮೂಟೆ ಕಟ್ಟಿ ಬೆಂಗಳೂರಿನ ದಾರಿ ಹಿಡಿಯುವುದು.

ಎಪ್‌ಸ್ಟೈನರ ಬದುಕೂ ಇದೇ ಬಗೆಯದು. ವಿಯೆನ್ನಾದ ಯಹೂದಿ ಮನೆಯಲ್ಲಿ ಹುಟ್ಟಿದ ಅವರು ನಾಜಿಗಳಿಂದ ತಪ್ಪಿಸಿಕೊಂಡು ನಿರಾಶ್ರಿತೆಯಾಗಿ ಇಂಗ್ಲೆಂಡಿಗೆ ಬಂದವರು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ತಡವಾಗಿ ಓದಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಮಂಡ್ಯಕ್ಕೆ ಬಂದರು. ಅವರ ಛಲವನ್ನು ಯಾರೂ ಕಡಿಮೆ ಎನ್ನಲಾರರು. ಆದರೆ ಅಷ್ಟೇ ಛಲವಿದ್ದ ಎಷ್ಟೋ ಮಂದಿ ಯಹೂದಿಯರು ವಿಯೆನ್ನಾದಿಂದ ಹೊರಬೀಳಲು ಆಗದೆ ಅಲ್ಲೇ ಸಿಕ್ಕಿಬಿದ್ದರು.

ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದು ಅದೇ ಎರಡು ಊರುಗಳನ್ನು ನೋಡಿದರು. ಉಳ್ಳವರು ಮೇಲೆ ಬಂದಷ್ಟು ಇಲ್ಲದವರು ಬಂದಿರಲಿಲ್ಲ, ನಡುವಿನ ಅಂತರ ಹೆಚ್ಚಿತ್ತು. ನಾಲೆಯ ಕೆಳಗೋ ಮೇಲೋ ಎಂಬ ಪ್ರಶ್ನೆ ಹುಟ್ಟುವುದೇ ಜಮೀನಿದ್ದವನಿಗೆ. ದಲಿತರ ಹಟ್ಟಿಯ ಹೆಚ್ಚಿನ ಮನೆಗಳಿಗೆ ಜಮೀನೇ ಇರಲಿಲ್ಲ, ಇದ್ದರೂ ಒಂದು ತುಂಡು. ಮದ್ದೂರು ಸೀಮೆಯ ಆ ಮನೆಗೂ ಹಟ್ಟಿಯ ಒಂದು ಮನೆ ತಲೆತಲಾಂತರದಿಂದ ಸೇರಿಕೊಂಡಿತ್ತು. ಅಣ್ಣತಮ್ಮಂದಿರು ಪಾಲಾದಾಗ ಆ ಮನೆಯೂ ಪಾಲಾಯಿತು: ಹಿರಿಯ ಮಗ ಅಣ್ಣನ ಕಡೆ, ಕಿರಿಯ ಮಗ ತಮ್ಮನ ಕಡೆ. ಅವರನ್ನು ಯಾರೂ ಕೇಳಲಿಲ್ಲ. ಚೌಳು ಹೊಲ ಗದ್ದೆಯಾಗುವಾಗ ತಮ್ಮನ ಜೊತೆಗೆ ಸೊಂಟದ ತನಕ ಕೆಸರಿನಲ್ಲಿ ನಿಂತಿದ್ದವರು ಆ ಕಿರಿಯ ಮಗ, ಅವನ ಹೆಂಡತಿ, ಇಬ್ಬರು ಮಕ್ಕಳು. ಅವರ ಕೈ ಕೆಸರಾದದ್ದಕ್ಕೆ ವರ್ಷಕ್ಕೆ ಇಷ್ಟು ಖಂಡುಗ ಭತ್ತ, ಒಂದು ಕಂಬಳಿ, ಹಬ್ಬಕ್ಕೆ ಬಟ್ಟೆ. ಅಜ್ಜ ಗದ್ದೆ ಮಾಡಿದ ಎಂದು ಮನೆಯಲ್ಲಿ ಹೇಳುವ ಕಥೆಯಲ್ಲಿ ಈ ನಾಲ್ವರು ಬರುವುದಿಲ್ಲ. ನಾಲೆಯನ್ನು ತೋಡಿದವರ ಕಥೆಯೂ ಅಷ್ಟೇ. ಮಣ್ಣು ಕೆಲಸದ ಜನ ಸಂಸಾರ ಸಮೇತ ಬಂದು, ಜೋಪಡಿ ಹಾಕಿಕೊಂಡು, ಹಾರೆ ಮಂಕರಿ ಹಿಡಿದು ಮೈಲಿಗಟ್ಟಲೆ ಅಗೆದರು. ನೀರು ಬಿಡುವ ಹೊತ್ತಿಗೆ ಅವರು ಮುಂದಿನ ಕೆಲಸದ ಕಡೆ ಹೊರಟುಹೋಗಿದ್ದರು.

ಕನ್ನಂಬಾಡಿಯವರ ನೆನಪನ್ನೂ ಇಲ್ಲೇ ಎತ್ತಬೇಕು. ಊರು ನೀರಿನಡಿ ಹೋದಾಗ ಅವರು ಹೊಸ ಕನ್ನಂಬಾಡಿಗೆ ಬಂದರು. ಹಳೆಯ ಊರಿನಲ್ಲಿ ನೀರಿನಡಿ ಉಳಿದ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಹೊಲಗಳನ್ನು ಹಾಗೆ ತರಲು ಬರುವುದಿಲ್ಲ.

ನಾಲೆಗೆ ಹೆಸರಾದ ವಿಶ್ವೇಶ್ವರಯ್ಯನವರು ದುಡಿಮೆ, ಶಿಸ್ತು, ಯೋಗ್ಯತೆಗಳ ಮೇಲೆ ಎಲ್ಲಿಲ್ಲದ ನಂಬಿಕೆ ಇಟ್ಟವರು. ಅದನ್ನು ಅವರು ಬದುಕಿಯೂ ತೋರಿಸಿದರು: ಮುದ್ದೇನಹಳ್ಳಿಯ ಹುಡುಗ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಎಲ್ಲರೂ ಬಲ್ಲ ವಿಷಯ. ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತ್ತೆಂಬುದೂ ಜೀವನಚರಿತ್ರೆಗಳಲ್ಲಿ ಇದೆ, ಆದರೆ ಶಾಲೆಯ ಭಾಷಣಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಸಂಸ್ಕೃತ ಬಲ್ಲ ಮನೆಯಲ್ಲಿ ಅಕ್ಷರ ಮೊದಲೇ ಹೊಸಿಲೊಳಗಿತ್ತು. ಒಕ್ಕಲಿಗರ, ಹಟ್ಟಿಯವರ ಮನೆಗಳಲ್ಲಿ ಇರಲಿಲ್ಲ. ಹಿಂದುಳಿದ ಜಾತಿಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂಬ ಕೂಗಿನ ಮೇಲೆ 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾದಾಗ, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ನೀರಿನ ವಿಷಯದಲ್ಲಿ ಮಟ್ಟದ ಲೆಕ್ಕವನ್ನು ಅಂಗುಲ ಅಂಗುಲವಾಗಿ ಬಲ್ಲವರು, ಓದಿನ ವಿಷಯದಲ್ಲಿ ಎಲ್ಲರೂ ಒಂದೇ ಮಟ್ಟದಿಂದ ಹೊರಡುತ್ತಾರೆಂದು ನಂಬಿದ್ದು ಸೋಜಿಗ. ಮಿಲ್ಲರ್ ಸಮಿತಿಯ ವರದಿಯ ಮೇಲೆ 1921ರಲ್ಲಿ ಆದೇಶ ಬಂತು. ಅದು ಓದಿನ ನಾಲೆಯಲ್ಲಿ ಹೊಸದಾಗಿ ಇಟ್ಟ ತೂಬು. ದಿಣ್ಣೆಯ ಹೊಲದ ಅಣ್ಣನ ಕೊನೆಯ ಮಗ ಮೇಷ್ಟರಾದದ್ದು ಮಂಡ್ಯದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದಿ. ಮೊದಲಿನ ಇಬ್ಬರಿಗೆ ಆ ಹೊತ್ತಿಗೆ ವಯಸ್ಸು ಮೀರಿತ್ತು. ಒಬ್ಬ ಕಾರ್ಖಾನೆಯಲ್ಲಿ ಸೀಸನ್ ಕೂಲಿಯಾದ, ಇನ್ನೊಬ್ಬ ರಾಗಿ ಹೊಲದಲ್ಲೇ ಮುದುಕನಾದ. ಮೂವರೂ ಒಬ್ಬ ತಾಯಿಯ ಮಕ್ಕಳು, ಬಾವಿ ತೋಡಿದ್ದೂ ಮೂವರೇ.

ಗೆರೆಯ ಕೆಳಗಿನವರಿಗೂ ಬಂದದ್ದು ಕಾಯಂ ಪಟ್ಟವಾಗಿರಲಿಲ್ಲ. ನಾಲೆಯ ತಲೆಯ ಕಡೆಯವರು ನೀರು ಕಟ್ಟಿಕೊಂಡರೆ ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಬರುವುದು ಸೆಲೆ. ಕೊಡಗಿನಲ್ಲಿ ಮುಂಗಾರು ಕೈಕೊಟ್ಟ ವರ್ಷ ಗದ್ದೆ ಬೀಳು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂದ ಮೇಲೆ ನೀರಿನ ಮಾತು ದೆಹಲಿಗೆ ಹೋಯಿತು. 1991ರ ಮಧ್ಯಂತರ ಆದೇಶ, 2007ರ ತೀರ್ಪು, 2018ರಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿದ ಸುಪ್ರೀಂ ಕೋರ್ಟ್ ತೀರ್ಪು: ಈ ಹಾದಿಯಲ್ಲಿ ಎಷ್ಟೋ ಸಲ ಮಂಡ್ಯದ ರಸ್ತೆಗಳಲ್ಲಿ ಟೈರು ಸುಟ್ಟಿವೆ. ಆ ಕಡೆ ತಂಜಾವೂರಿನ ಕೊನೆಭಾಗದ ರೈತನಿಗೆ ಮಂಡ್ಯವೇ ನಾಲೆಯ ತಲೆ. ಕಬ್ಬಿಗೆ ಮಾಡಿದ ಸಾಲ ತೀರದೆ 2015ರಲ್ಲಿ ಜಿಲ್ಲೆಯ ಎಷ್ಟೋ ರೈತರು ಜೀವ ಕಳೆದುಕೊಂಡರು. ಗದ್ದೆ ಇದ್ದದ್ದರಿಂದಲೇ ಸಾಲ ಹುಟ್ಟಿತ್ತು. ದಿಣ್ಣೆಯ ಹೊಲಕ್ಕೆ ಅಷ್ಟು ಸಾಲ ಕೊಡುವವರೇ ಇರಲಿಲ್ಲ.

ದಿಣ್ಣೆಗೂ ಕೊನೆಗೆ ನೀರು ಬಂತು, ನಾಲೆಯಿಂದಲ್ಲ, ಬೋರ್‌ವೆಲ್‌ನಿಂದ. ಮೇಷ್ಟರ ಸಂಬಳವಿದ್ದದ್ದರಿಂದ ಎರಡು ಸಲ ವಿಫಲವಾದರೂ ಮೂರನೆಯದನ್ನು ಕೊರೆಸಲು ಸಾಧ್ಯವಾಯಿತು. ಆಮೇಲೆ ಹೆದ್ದಾರಿ ಬಂತು. ಬೆಂಗಳೂರು–ಮೈಸೂರು ನಡುವಿನ ಹೊಸ ರಸ್ತೆಗೆ ಮತ್ತೆ ಯಂತ್ರ ಹಿಡಿದವರು ಬಂದು ಮತ್ತೆ ಗೆರೆ ಎಳೆದರು. 2023ರ ಮಾರ್ಚಿನಲ್ಲಿ ಆ ರಸ್ತೆ ಉದ್ಘಾಟನೆಯಾಗುವ ಹೊತ್ತಿಗೆ, ರಸ್ತೆಗೆ ಹತ್ತಿರದ ದಿಣ್ಣೆಯ ಬೆಲೆ ಕೆಳಗಿನ ಗದ್ದೆಯ ಬೆಲೆಯನ್ನು ದಾಟಿತ್ತು. ಅಣ್ಣನ ಕವಲಿನವರು ಅದಕ್ಕಾಗಿ ಒಂದು ಗುದ್ದಲಿ ಮಣ್ಣನ್ನೂ ಎತ್ತಿರಲಿಲ್ಲ.

ಈ ಮನೆಯ ನೆನಪು ಈಗ ಎರಡು ಬಗೆಯಾಗಿ ಉಳಿದಿದೆ. ತಮ್ಮನ ಕವಲಿನಲ್ಲಿ ಅಜ್ಜ ಚೌಳು ತೊಳೆದ ಕಥೆ ಹೇಳುತ್ತಾರೆ, ಬಯಲಾಟದ ಮಾತು ಬರುವುದಿಲ್ಲ. ಅಣ್ಣನ ಕವಲಿನಲ್ಲಿ ಬಹುಕಾಲ ಹಣೆಬರಹದ ಕಥೆಯೇ ನಡೆಯುತ್ತಿತ್ತು. ‘ಹಣೇಲಿ ಬರೀದಿದ್ರೆ ಯಾರೇನ್ ಮಾಡಕಾಯ್ತದೆ’ ಎಂದು ಮುಗಿಯುತ್ತಿತ್ತು. ಹೆದ್ದಾರಿ ಬಂದ ಮೇಲೆ ಅಲ್ಲಿಯೂ ಕಥೆ ತಿರುಗಿದೆ. ಬಾವಿ ತೋಡಿದ ಅಜ್ಜ ಈಗ ಮುಂದಾಲೋಚನೆಯಿಂದ ದಿಣ್ಣೆಯ ಭೂಮಿಯನ್ನು ಬಿಡದೆ ಹಿಡಿದುಕೊಂಡವನಾಗಿದ್ದಾನೆ. ಕಷ್ಟ ಬಂದಾಗ ಹಣೆ, ಸುಖ ಬಂದಾಗ ತೋಳು ನೆನಪಿಗೆ ಬರುವುದು ಎರಡೂ ಕವಲಿನಲ್ಲಿ ಸಮನಾಗಿದೆ. ಈ ಬರಹ ಬರೆದ ಕೈಯೂ ತಮ್ಮನ ಕವಲಿನದೇ ಆದ್ದರಿಂದ ತೂಕದಲ್ಲಿ ಒಂದಿಷ್ಟು ವಾಲಿದ್ದರೆ ಅದನ್ನು ಕಳೆದು ಓದಿಕೊಳ್ಳಬೇಕು.

ಪಾಲುಪಟ್ಟಿಯ ಕಾಗದ ಇನ್ನೂ ಇದೆ. ಮಡಿಕೆಯ ಗೆರೆಗಳಲ್ಲಿ ಹರಿದಿದ್ದರೂ ಶಾನುಭೋಗರ ಕೈಬರಹ ಓದಲು ಬರುತ್ತದೆ. ಚಕ್ಕುಬಂದಿ, ಮರಗಳ ಲೆಕ್ಕ, ದನಕರು, ಪಾತ್ರೆಪಡಗ. ಅಣ್ಣನಿಗೆ ಸಂದ ದಿಣ್ಣೆಯ ಹೊಲದ ಬೆಲೆಯ ಅರ್ಧವನ್ನಷ್ಟೇ ತಮ್ಮನ ತಗ್ಗು ನೆಲಕ್ಕೆ ಕಟ್ಟಲಾಗಿದೆ. ಆ ವ್ಯತ್ಯಾಸವನ್ನು ಸರಿದೂಗಿಸಲು ತಮ್ಮನಿಗೆ ಒಂದು ಜೊತೆ ಎತ್ತು, ಒಂದು ತಾಮ್ರದ ಹಂಡೆ ಹೆಚ್ಚಿಗೆ ಕೊಟ್ಟಿರುವುದಾಗಿ ಬರೆದು, ಕೆಳಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದಾರೆ. ಹಂಡೆ ತಮ್ಮನ ಕವಲಿನ ಬಚ್ಚಲಮನೆಯಲ್ಲಿ ಇಂದೂ ಒಲೆಯ ಮೇಲಿದೆ.